ಹೊನ್ನವ್ವನ ಎಡಗಾಲು

“ನಿಂದ್ರರಿ, ನಿಮ್ಮ ಚಪ್ಪಲಿ ಎಲ್ಲಿ?”

ಬುತ್ತಿಯ ಬುಟ್ಟಿ ಹೊತ್ತು ಹಿಂದೆ ಬರುತ್ತಿದ್ದ ಹೊನ್ನವ್ವ ಹೀಗೆ ಕೂಗಿದಾಗ ದ್ಯಾಮಪ್ಪ ನಿಂತು ತನ್ನ ಪಾದ ನೋಡಿಕೊಂಡ. ಬಲಗಾಲಲ್ಲಿ ಚಪ್ಪಲಿ ಇತ್ತು. ಎಡಗಾಲು ಬರಿದಾಗಿತ್ತು. ಎಲ್ಲಿ ಕಳಚಿ ಬಿತ್ತೋ ಅವನಿಗೇ ತಿಳಿದಿರಲಿಲ್ಲ. ಹೊನ್ನವ್ವ ಬುಟ್ಟಿ ಇಳಿಸಿ ಬಂದ ದಾರಿಯಲ್ಲೇ ತಿರುಗಿ ನಡೆದಳು. ಬದುವಿನ ಜಾಲಿಗಿಡದ ಕೆಳಗೆ ಅದು ಅಂಗಾತ ಬಿದ್ದಿತ್ತು. ಕೈಯಲ್ಲಿ ಹಿಡಿದುಕೊಂಡು ಬಂದು, ಗಂಡನ ಕಾಲ ಬುಡದಲ್ಲಿ ಕೂತು ತೊಡಿಸಲು ಹೋದವಳ ಕೈ ಹಾಗೇ ನಿಂತಿತು.

“ಅಯ್ಯ, ಇಷ್ಟುದ್ದ ಮುಳ್ಳು ನೆಟ್ಟೈತಲ್ರಿ! ರಗತ ಸೋರಾಕತ್ತೈತಿ. ನಿಮಗ ಗೊತ್ತಾಗ್ಲಿಲ್ಲೇನು?”

“ಗೊತ್ತಾಗಿದ್ರ ನಿನ್ನ ಕೈಲೆ ಹೇಳಿಸ್ಕೊಂತಿದ್ನೇನು?” ಎಂದ ದ್ಯಾಮಪ್ಪ. ನಕ್ಕ ಹಾಗೆ ಮಾಡಿದ, ಆದರೆ ನಗು ಮುಖದ ಮೇಲೆ ಕೂಡಲಿಲ್ಲ. “ತಗಿ, ಲಗೂನ ತಗಿ. ಯಾರರ ನೋಡಿದ್ರ ನಗತಾರ.”

ಮುಳ್ಳು ಕಿತ್ತಾಗಲೂ ಅವನು ಹಾಂ ಹೂಂ ಎನ್ನಲಿಲ್ಲ. ಅದೇ ಹೊನ್ನವ್ವನಿಗೆ ಹೆದರಿಕೆ ತಂದದ್ದು.

ಟೊಂಕದ ಈ ಬೇನೆ ಶುರುವಾದದ್ದು ಶ್ರಾವಣದಲ್ಲಿ. ಅಂದಾನೆಪ್ಪ ಗೌಡರ ಹಿತ್ತಲಲ್ಲಿ ಹಗೇವು ತೆಗೆಯುವ ದಿನ. ನೆಲದೊಳಗೆ ಬಾವಿಯ ಹಾಗೆ ತೋಡಿ ಜೋಳ ತುಂಬಿಡುವ ಆ ಹಗೇವಿನ ಬಾಯಿಗೆ ಒಂದು ಕಲ್ಲು. ಅದನ್ನು ಸರಿಸುವುದಕ್ಕೆ ಹಾರೆ ಹಾಕಿ ಮೂವರೋ ನಾಲ್ವರೋ ಸೇರುವುದು ರೂಢಿ. “ಮಂದೀನ ಕರಸ್ಲೇನೋ ದ್ಯಾಮಣ್ಣ, ನಿನಗೂ ವಯಸ್ಸಾತಲ್ಲ” ಎಂದು ಗೌಡರು ಎಲೆ ಅಡಿಕೆ ಜಗಿಯುತ್ತಾ ಅಂದದ್ದೇ ಸಾಕಾಯಿತು. ಯುಗಾದಿಗೆ ಗುಂಡುಕಲ್ಲು ಎತ್ತಿ ತನ್ನೂರು ಅಬ್ಬಿಗೇರಿಯ ಮಾನ ಕಾಯ್ದ ಟೊಂಕ ಅದು. ದ್ಯಾಮಪ್ಪ ತಲೆಯ ಪಟಗ ಬಿಗಿದು, ಒಬ್ಬನೇ ಬಗ್ಗಿ ಕಲ್ಲಿಗೆ ಕೈ ಹಾಕಿದ. ಕಲ್ಲು ಮೇಲೆದ್ದಿತು. ಅದರ ಜೊತೆಗೆ ಒಳಗೆಲ್ಲೋ, ಹಸಿ ಸೌತೆಕಾಯಿ ಮುರಿದ ಹಾಗೆ, ಕಟ್ ಎಂದಿತು. ಕಲ್ಲನ್ನು ಕೆಡವಲಿಲ್ಲ ಅವನು. ಮಗುವನ್ನು ಮಲಗಿಸುವ ಹಾಗೆ ಬದಿಗಿಟ್ಟ, ಗೌಡರ ಕಡೆ ನೋಡಿ ಮೀಸೆ ತಿರುವಿದ. ಮನೆಗೆ ಬಂದು ಊಟಕ್ಕೆ ಕೂತವನಿಗೆ ಏಳಲು ಆಗಲಿಲ್ಲ.

ಆವತ್ತಿನಿಂದ ಅವನು ಒಂದು ಕಡೆ ವಾಲಿ ನಡೆಯತೊಡಗಿದ. ಕೆಮ್ಮಿದರೆ ಟೊಂಕದಿಂದ ಹಿಡಿದು ಎಡಗಾಲಿನ ಹೆಬ್ಬೆರಳಿನವರೆಗೆ ಕಾಯಿಸಿದ ತಂತಿ ಎಳೆದ ಹಾಗೆ. ಸಿದ್ದಲಿಂಗವ್ವ, ಅವನ ತಾಯಿ, ಹುಣಸೆ ಎಲೆ ಕುದಿಸಿ ಶಾಖ ಕೊಟ್ಟಳು, ಎಳ್ಳೆಣ್ಣೆ ತಿಕ್ಕಿದಳು. ನಂತರ ಕೆನ್ನೆಗೆ ಕೈ ಕೊಟ್ಟು ಕೂತು, ಸೊಸೆಯ ಎಡಗಾಲಿನ ಕಡೆಗೇ ನೋಡತೊಡಗಿದಳು.

ಆ ಕಾಲಿನ ಸಂಗತಿ ಸುತ್ತ ಹತ್ತೂರಿಗೆ ಗೊತ್ತಿತ್ತು. ಮಲಪ್ರಭೆ ದಂಡೆಯ ಮೆಣಸಗಿಯಲ್ಲಿ ಹೊನ್ನವ್ವ ಹುಟ್ಟಿದಾಗ ತಲೆ ಮುಂದಾಗಿ ಬರಲಿಲ್ಲ. ಮೊದಲು ಬಂದದ್ದು ಎಡಗಾಲು. ಹಾಗೆ ಹುಟ್ಟಿದವರ ಕಾಲು ಸೋಂಕಿದರೆ ಹಿಡಿದ ಟೊಂಕ ಬಿಡುತ್ತದೆ ಎಂಬುದು ಈ ಸೀಮೆಯ ನಂಬಿಕೆ. ಅಮಾವಾಸ್ಯೆಯ ದಿನ ಹೊತ್ತು ಮೂಡುವ ಮುಂಚೆ ಮಂದಿ ಬಂದು, ಸಾರಿಸಿದ ಅಂಗಳದಲ್ಲಿ ಬೋರಲು ಮಲಗುವರು. ಹೊನ್ನವ್ವ ಜಳಕ ಮಾಡಿ, ಒದ್ದೆ ಕೂದಲಲ್ಲೇ ಬಂದು, ಯಾರೊಡನೆಯೂ ಮಾತಾಡದೆ, ನೋವಿರುವ ಜಾಗಕ್ಕೆ ಎಡಗಾಲಿನಿಂದ ಮೂರು ಸಲ ಮೆಲ್ಲಗೆ ತಾಗಿಸಿ, ತಿರುಗಿ ನೋಡದೆ ಒಳಗೆ ಹೋಗುವಳು. ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಚಪ್ಪಲಿ ಮೆಟ್ಟುತ್ತಿರಲಿಲ್ಲ. ಆ ಕಾಲಿಗೆ ಭೂಮಿಯ ಸಂಗ ತಪ್ಪಿದರೆ ಗುಣ ಹೋಗುತ್ತದಂತೆ. ಹತ್ತಿ ಬಿಡಿಸುವ ಹೆಣ್ಣುಮಕ್ಕಳೆಲ್ಲ ಮುಳ್ಳಿಗೆ ಹೆದರಿ ಜೋಡು ಹಾಕಿದರೂ ಅವಳು ಬರಿಗಾಲಲ್ಲೇ ಹೊಲ ದಾಟುವಳು.

“ಬ್ಯಾರೆ ಕಡೆ ವೈದ್ಯರ ಕೈಗುಣ ನೋಡತಾರ, ನಿಮ್ಮ ಮನ್ಯಾಗ ಸೊಸೀ ಕಾಲ್ಗುಣ!” ಎಂದು ನಗೆಯಾಡುತ್ತಿದ್ದವನು ಪಕ್ಕದ ಮನೆಯ ಜಂಗ್ಲಿಸಾಬ. ಅರಳೆ ಹಿಂಜಿ ಗಾದಿ ಹೊಲಿಯುವ ಪಿಂಜಾರ. ಅರಳೆ ಹಿಂಜುವ ಬಿಲ್ಲು ಹಿಡಿದು ಬಗ್ಗಿ ಬಗ್ಗಿ ಅವನ ಟೊಂಕವೂ ಒಮ್ಮೆ ಹಿಡಿದಿತ್ತು. ಹೊನ್ನವ್ವನ ಕಾಲು ಸೋಂಕಿದ ಮೇಲೆ ಹದಿನೈದು ದಿನಕ್ಕೆ ಎದ್ದು ಕೂತಿದ್ದ. ಅಂದಿನಿಂದ ವರ್ಷಕ್ಕೊಂದು ಸಲ ಈ ಮನೆಯ ಹಾಸಿಗೆಯನ್ನೆಲ್ಲ ಬಿಚ್ಚಿ ಹಿಂಜಿ ಕೊಡುವುದು ಅವನೇ ಹಾಕಿಕೊಂಡ ಕಟ್ಟಳೆ.

ಆದರೆ ಊರಿಗೆಲ್ಲ ಆದ ಕಾಲು ಗಂಡನಿಗೆ ಆಗುವಂತಿರಲಿಲ್ಲ. ಗಂಡನ ಮೈಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಹೆಣ್ಣು, ಬೇಕೆಂದೇ ಕಾಲೆತ್ತುವುದು ಹೇಗೆ?

ಚಪ್ಪಲಿ ಕಳಚಿದ ಮರುದಿನ ಜಂಗ್ಲಿಸಾಬನೇ ಗಾಡಿ ಹೂಡಿದ. “ದೋಸ್ತ, ಇದು ಉಳುಕಲ್ಲ. ಮುಳ್ಳು ನೆಟ್ಟದ್ದು ತಿಳೀಲಾರದ ಕಾಲು ಅಂದ್ರ ಏನ ಹುಡುಗಾಟಕೀನ? ನಡೀರಿ, ರೋಣದ ಮಜೀದ ಡಾಕ್ಟರಿಗೆ ತೋರಸೂಣು.”

ಅಬ್ದುಲಮಜೀದ ಡಾಕ್ಟರು ದಪ್ಪ ಕನ್ನಡಕದ, ನಿಧಾನದ ಮನುಷ್ಯ. ದ್ಯಾಮಪ್ಪನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಮೊಣಕಾಲು ಮಡಚದೆ ಎಡಗಾಲು ಎತ್ತಿದರು. ಸ್ವಲ್ಪ ಎತ್ತುವುದರೊಳಗೇ ಅವನು ಹಲ್ಲು ಕಚ್ಚಿದ. ಹೆಬ್ಬೆರಳಿನ ಮೇಲೆ ತಮ್ಮ ಬೆರಳಿಟ್ಟು “ಇದನ್ನ ಮ್ಯಾಲೆತ್ತು, ನನ್ನ ಬೆರಳ ದಬ್ಬು” ಎಂದರು. ಗುಂಡುಕಲ್ಲು ಎತ್ತಿದವನಿಗೆ ತನ್ನ ಹೆಬ್ಬೆರಳು ಎತ್ತಲಾಗಲಿಲ್ಲ. ಅವನು ಮುಖವನ್ನು ಗೋಡೆಯ ಕಡೆ ಹೊರಳಿಸಿದ.

“ನೋಡ್ರಿ,” ಎಂದು ಡಾಕ್ಟರು ಕೈ ತೊಳೆಯುತ್ತಾ ಹೇಳಿದರು, “ಬೆನ್ನಾಗ ಎಲುಬಿನ ಮಣಿ ಒಂದರ ಮ್ಯಾಲೊಂದು ಕೂತಿರತಾವ. ಎಲುಬಿಗೆ ಎಲುಬು ತಿಕ್ಕಬಾರದಂತ ಎರಡರ ನಡುವ ಒಂದೊಂದು ಸಣ್ಣ ಗಾದಿ ಇರತೈತಿ.”

“ಗಾದಿ?” ಜಂಗ್ಲಿಸಾಬನ ಕಿವಿ ನೆಟ್ಟಗಾಯಿತು.

“ಹೌದಪ್ಪ, ನಿನ್ನ ಗಾದೀನ ಅಂತ ತಿಳಕೊ. ಹೊರಗ ಗಟ್ಟಿ ಗಲೀಪು, ಒಳಗ ಮೆತ್ತಂದು. ಇಂವ ಕಲ್ಲ ಎತ್ತಿದಾಗ ಗಲೀಪಿನ ಹೊಲಿಗಿ ಬಿಟ್ಟೈತಿ. ಒಳಗಿಂದು ಹೊರಗ ಉಬ್ಬಿ, ಕಾಲಿಗೆ ಹೋಗೂ ನರದ ಮ್ಯಾಲೆ ಕೂತೈತಿ. ಟೊಂಕದಾಗಿನ ಗಾದಿ ಹರದ್ರ ಕಾಲಾಗ ಉರೀತೈತಿ, ಇದ ಅದರ ಆಟ.”

“ಮತ್ತ ಔಷಧ ಏನ್ರಿ?” ಹೊನ್ನವ್ವ ಬಾಗಿಲ ಬಳಿಯಿಂದಲೇ ಕೇಳಿದಳು.

“ಹಲಗಿ. ಬರೇ ಹಲಗಿ ಮ್ಯಾಲೆ ಮಲಗಬೇಕು, ತಿಂಗಳ ಮ್ಯಾಲಾದ್ರೂ ಸೈ. ಬಗ್ಗಬಾರದು, ಎತ್ತಬಾರದು. ಹತ್ತರಾಗ ಎಂಟು ಮಂದಿಗೆ ಅದು ತಾನ ಒಣಗಿ ಹಿಂದ ಸರೀತೈತಿ. ಸರೀಲಿಲ್ಲಂದ್ರ ಮಿರಜದ ದೊಡ್ಡ ದವಾಖಾನಿಗೆ ಹೋಗಿ ಕೊಯ್ಸೂದು. ಇನ್ನೊಂದು ಮಾತು. ಯಾರ ಕೈಲೂ ತಿಕ್ಕಿಸಬ್ಯಾಡ್ರಿ, ತುಳಸಬ್ಯಾಡ್ರಿ. ಉಚ್ಚಿ ನಿಂತ್ರ, ಇಲ್ಲಾ ಎರಡೂ ಕಾಲು ಜೋಮು ಹಿಡದ್ರ, ಉಣ್ಣಾಕ ಕುಂತಿದ್ರೂ ಬಿಟ್ಟು ಎದ್ದು ನನ್ನ ಕಡೆ ಬರಬೇಕು.”

ತುಳಿಸುವುದು ಎಂಬ ಮಾತಿಗೆ ಜಂಗ್ಲಿಸಾಬನ ಕಣ್ಣು ತಾನಾಗಿಯೇ ಹೊನ್ನವ್ವನ ಪಾದದ ಕಡೆ ಹೋಯಿತು. ಡಾಕ್ಟರ ಕಣ್ಣು ಅದರ ಹಿಂದೆಯೇ ಹೋಯಿತು.

“ಓಹೋ. ಅಬ್ಬಿಗೇರಿ ಕಾಲು ಅಂತಾರಲ್ಲ, ಅದು ನೀನ ಏನವ್ವ?” ಎಂದರು. ಧ್ವನಿಯಲ್ಲಿ ಕುಹಕವಿರಲಿಲ್ಲ. “ನಿನ್ನ ಕಾಲಿಲೆ ಚಲೋ ಆದವರು ನನ್ನ ಕಡೆ ಬರೂದಿಲ್ಲ. ಆಗಲಾರದವರು ಬರತಾರ. ಹಿಂಗಾಗಿ ನಿನ್ನ ಲೆಕ್ಕ ಬ್ಯಾರೆ, ನನ್ನ ಲೆಕ್ಕ ಬ್ಯಾರೆ.”

ಹೊನ್ನವ್ವ ಎಡಪಾದವನ್ನು ಸೀರೆಯ ನಿರಿಗೆಯೊಳಗೆ ಎಳೆದುಕೊಂಡಳು. ದಾರಿಯುದ್ದಕ್ಕೂ ಒಂದೇ ಮಾತು ಅವಳ ತಲೆಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಹತ್ತರಲ್ಲಿ ಎಂಟು ಮಂದಿಗೆ ತಾನೇ ಸರಿಯುತ್ತದಂತೆ. ಹಾಗಾದರೆ ತನ್ನ ಕಾಲು?

ದನದ ಕೊಟ್ಟಿಗೆಯ ಬಾಗಿಲು ಕಿತ್ತು ಪಡಸಾಲೆಯಲ್ಲಿ ಹಾಸಿದರು. ದ್ಯಾಮಪ್ಪ ಅದರ ಮೇಲೆ ಮಲಗಿದ. ಮೊದಮೊದಲು ಜಂತಿ ಎಣಿಸಿದ. ಆಮೇಲೆ ಎಣಿಸಲು ಏನೂ ಉಳಿಯಲಿಲ್ಲ. ಭಾದ್ರಪದದ ಮಳೆ ಚೆನ್ನಾಗಿ ಹಿಡಿದು ಬಿಟ್ಟಿತು. ಎರೆಹೊಲಗಳು ಹದಕ್ಕೆ ಬಂದವು. ಊರಿನ ಕೂರಿಗೆಗಳೆಲ್ಲ ಹಿಂಗಾರಿ ಜೋಳ ಬಿತ್ತಲು ಅವನ ಮನೆಯ ಮುಂದೆಯೇ ಗಡಗಡ ಎಂದು ಹಾಯ್ದು ಹೋಗುವವು. ಹೋಗುವವರು ಕಟ್ಟೆಯ ಹತ್ತಿರ ನಿಂತು ಹಣಿಕಿ ಹಾಕುವರು.

“ಏನ ಬಾಣಂತಿ, ಆರಾಮ ಏನು? ಅಂಟಿನ ಉಂಡಿ ತಿಂದ್ಯಾ?”

“ತೊಟ್ಟಿಲಾ ಕಟ್ಟಸ್ಲೇನೋ ದ್ಯಾಮಣ್ಣ?”

ತೊಟ್ಟಿಲ ಮಾತು ಬಂದರೆ ಸಿದ್ದಲಿಂಗವ್ವನ ಮುಖ ಕಪ್ಪಿಡುತ್ತಿತ್ತು. ಹೊನ್ನವ್ವ ಈ ಮನೆ ತುಂಬಿ ಎಂಟು ವರ್ಷ. ತೊಟ್ಟಿಲು ಅಟ್ಟದ ಮೇಲೇ ಇತ್ತು.

ಆದರೂ, ಕಾಲು ಸುಧಾರಿಸುತ್ತಿತ್ತು. ಅದನ್ನು ಕಂಡವಳು ಹೊನ್ನವ್ವ ಒಬ್ಬಳೇ. ಒಂದು ಬೆಳಿಗ್ಗೆ ಅವನು ನಿದ್ದೆಯಲ್ಲಿದ್ದಾಗ ನೊಣ ಕೂತು ಎಡ ಹೆಬ್ಬೆರಳು ತುಸುವೇ ಅಲುಗಿತು. ಅವಳು ಒಲೆಯ ಕಡೆ ಓಡಿ ಅತ್ತೆಗೆ ಹೇಳಿದಳು. “ಅತ್ತಿ, ಬೆರಳು ಆಡಿಸಿದ್ರು! ಡಾಕ್ಟರು ಅಂದಿದ್ದು ಖರೇ ಆಗಾಕತ್ತೈತಿ!”

“ಬೆರಳು ಆಡಿದ್ರ ಬಿತ್ತಿಗಿ ಆಗತೈತೇನು?” ಎಂದಳು ಸಿದ್ದಲಿಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. “ಮಲಗೂದು ಎಲ್ಯಾರ ಔಷಧ ಆಗೂದುಂಟಾ? ಮಲಗಿದ್ರ ರೋಗ, ಎದ್ರ ಗುಣ. ಮನ್ಯಾಗ ಗಂಗಿ ಇಟಗೊಂಡು ನೀರಡಿಸಿ ಸಾಯಾಕತ್ತಾನ ನನ್ನ ಮಗ.”

ಆ ಸಂಜೆ ಅವಳು ಮಠದ ಅಯ್ಯನವರ ಹತ್ತಿರ ಹೋಗಿ ಒಂದು ದಾರಿ ಕೇಳಿಕೊಂಡು ಬಂದಳು. ಗಂಡನಿಗೆ ಹೆಂಡತಿಯ ಕಾಲು ಸಲ್ಲದು, ಖರೆ. ಆದರೆ ಮಗನಿಗೆ ತಾಯಿಯ ಕಾಲು ಸಲ್ಲುತ್ತದೆ. ಹಸುಗೂಸನ್ನು ಕಾಲ ಮೇಲೆ ಹಾಕಿಕೊಂಡೇ ಅಲ್ಲವೇ ನೀರು ಎರೆಯುವುದು? ಅಮಾವಾಸ್ಯೆಯ ದಿನ ಸೊಸೆ ಎಡಗಾಲಿನ ಕಾಲುಂಗುರ ತೆಗೆಯಬೇಕು. ಅಂಗೈಯಲ್ಲಿ ಗಂಡನಿಗೆ ಹಾಲು ಕುಡಿಸಬೇಕು. ಅವನು ಅವಳನ್ನು ಒಮ್ಮೆ ಬಾಯಿ ತುಂಬ ಅವ್ವ ಎಂದು ಕರೆಯಬೇಕು. ಆಗ ಅವಳು ಹೆಂಡತಿಯಲ್ಲ. ಬೇನೆ ತೆಗೆದ ಮೇಲೆ, ಅವನು ಎದ್ದು ಕೂತು ತನ್ನ ಕೈಯಿಂದಲೇ ಅವಳಿಗೆ ಕಾಲುಂಗುರ ತೊಡಿಸಿದರೆ ಮತ್ತೆ ಗಂಡ, ಹೆಂಡತಿ.

“ಒಲ್ಲೆ” ಎಂದಳು ಹೊನ್ನವ್ವ. “ಡಾಕ್ಟರು ಬ್ಯಾಡಂದಾರ.”

“ಡಾಕ್ಟರಿಗೇನು ಗೊತ್ತು ನಿನ್ನ ಕಾಲು? ಅಂವೇನು ನಿನ್ನ ಅವ್ವನ ಬಾಣಂತನ ಮಾಡ್ಯಾನೇನು?”

ಆಗ ಹಲಗೆಯ ಮೇಲಿಂದ ದ್ಯಾಮಪ್ಪನ ದನಿ ಬಂತು. ಸಿಟ್ಟಿನದಲ್ಲ. ಸಿಟ್ಟಿನದಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ.

“ಹೊನ್ನಿ. ಊರಿಗೆಲ್ಲಾ ಕಾಲ ಕೊಟ್ಟಿ. ನನಗೊಬ್ಬಗ ಇಲ್ಲೇನು?”

ಅವಳು ಬಗ್ಗಿ ತನ್ನ ಕಾಲುಂಗುರ ಮುಟ್ಟಿಕೊಂಡಳು. ಅವಳೊಳಗೆ ಇನ್ನೊಂದು ಆಸೆಯೂ ಇತ್ತು, ಅದನ್ನು ಅವಳು ತನಗೆ ತಾನೇ ಹೇಳಿಕೊಂಡಿರಲಿಲ್ಲ. ರೋಣದ ಆ ಕೋಣೆಯಿಂದ ಬಂದಾಗಿನಿಂದ ಅವಳಿಗೆ ತನ್ನ ಕಾಲು ತನ್ನದೇ ಅಲ್ಲ ಅನ್ನಿಸಿತ್ತು. ಅದು ಸುಳ್ಳಲ್ಲ ಎಂದು ಒಮ್ಮೆ, ಒಂದೇ ಒಂದು ಸಲ, ಕಣ್ಣಾರೆ ನೋಡಬೇಕಾಗಿತ್ತು.

ಭಾದ್ರಪದ ಮುಗಿಯುವ ಮಾನೌಮಿ ಅಮಾವಾಸ್ಯೆಯ ದಿನ ಹೊರಗಿನವರನ್ನು ಬರಬೇಡಿ ಎಂದು ಹೇಳಿ ಕಳಿಸಿದ್ದರು. ಮದುವೆಯಲ್ಲಿ ತೊಡಿಸಿದ ಕಾಲುಂಗುರ ಬಿಗಿದು ಕೂತಿತ್ತು. ಸಿದ್ದಲಿಂಗವ್ವ ಬೆಣ್ಣೆ ಹಚ್ಚಿ ತಿರುವಿ ತಿರುವಿ ತೆಗೆದಳು. ಬೆರಳಿನ ಸುತ್ತ ಬೆಳ್ಳನೆಯ ಗೆರೆ ಉಳಿಯಿತು. ಹೊನ್ನವ್ವ ಅಂಗೈಯಲ್ಲಿ ಹಾಲು ಹಿಡಿದಳು. ದ್ಯಾಮಪ್ಪ ಕುಡಿದ. ಅವನ ತುಟಿ ಅಂಗೈಗೆ ತಾಗಿದಾಗ ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

“ಕರಿಯೋ” ಎಂದಳು ಸಿದ್ದಲಿಂಗವ್ವ.

“ಯವ್ವಾ,” ಎಂದ ದ್ಯಾಮಪ್ಪ, “ನನ್ನ ಬ್ಯಾನಿ ತಗಿ.”

ಅವನನ್ನು ಬೋರಲು ಹೊರಳಿಸಿದರು. ಹೊನ್ನವ್ವ ಎಡಗಾಲೆತ್ತಿ ಟೊಂಕಕ್ಕೆ ಮೂರು ಸಲ ತಾಗಿಸಿದಳು. ಅಷ್ಟೇ ಅವಳ ಪದ್ಧತಿ. ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು.

“ಏನರ ಆತೇನು?” ಎಂದಳು ಸಿದ್ದಲಿಂಗವ್ವ.

“ಏನಿಲ್ಲ. ಇರಬಿ ಹರದಾಡಿದಂಗಾತು.”

“ತುಳಿಯ ಗಟ್ಟ್ಯಾಗಿ! ಮಂದಿ ಸಣ್ಣ ಉಳುಕಿಗೆ ಮುಟ್ಟಿದ್ರ ಸಾಕು. ಇದು ಹಗೇವಿನ ಕಲ್ಲಿನ ಬ್ಯಾನಿ. ಹಿಡಿ ನನ್ನ ಕೈಯಿ, ಹತ್ತು ಮ್ಯಾಲೆ.”

ಅತ್ತೆಯ ಕೈ ಹಿಡಿದು ಹೊನ್ನವ್ವ ಹತ್ತಿದಳು. ಹಿಮ್ಮಡಿಯನ್ನು ನೋವಿನ ಜಾಗದಲ್ಲಿ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಒಣಗಿದ ಹೆಂಟೆ ಕಾಲಡಿಯಲ್ಲಿ ಒಡೆಯುವಾಗ ಮೊದಲು ತಡೆದು ಆಮೇಲೆ ಕುಸಿಯುತ್ತದಲ್ಲ, ಹಾಗೆ ಒಳಗೆ ಏನೋ ಕುಸಿದದ್ದು ಅವಳ ಹಿಮ್ಮಡಿಗೆ ತಿಳಿಯಿತು. ದ್ಯಾಮಪ್ಪ ಒಮ್ಮೆ ಕೂಗಿದ. ಆಮೇಲೆ ಸುಮ್ಮನಾದ. ಆಮೇಲೆ, ಬಹಳ ದಿನಗಳ ಮೇಲೆ, ನಕ್ಕ.

“ಹೋತು! ಹೋತವ್ವ! ಉರಿ ಹೋತು, ಪೂರಾ ಹೋತು! ಏನೂ ಇಲ್ಲೀಗ!”

ಸಿದ್ದಲಿಂಗವ್ವ ಅತ್ತೇಬಿಟ್ಟಳು. ಸೊಸೆಯ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಓಣಿಗೆಲ್ಲ ಸಕ್ಕರೆ ಹಂಚಿದಳು. ಕಟ್ಟೆಯ ಮೇಲಿನವರು ಬಂದು ನೋಡಿದರು. ದ್ಯಾಮಪ್ಪ ಅವರಿಗೆ ತನ್ನ ಎಡಗಾಲನ್ನು ಚಿವುಟಿ ತೋರಿಸಿದ. “ನೋಡ್ರಿ, ಬ್ಯಾನೀನ ಇಲ್ಲ. ನಾಳಿಗೆ ಕೂರಿಗಿ ಹೂಡತೀನಿ.” ಬಲಗಾಲನ್ನೂ ಚಿವುಟಿ ನೋಡಿಕೊಂಡ. ಅದರಲ್ಲೂ ಬೇನೆ ಇರಲಿಲ್ಲ.

ಕಾಲುಂಗುರ ತೊಡಿಸಲೆಂದು ಅವನನ್ನು ಎಬ್ಬಿಸಲು ಹೋದರು. ಅವನು ಏಳಲಿಲ್ಲ. “ಜೋಮು ಹಿಡದೈತಿ, ಒಂದೀಟು ತಡೀರಿ” ಎಂದ. ಸಂಜೆಯಾಯಿತು. ಕಾಲುಂಗುರ ದೇವರ ಜಗುಲಿಯ ಮೇಲೆ, ಕುಂಕುಮದ ಬಟ್ಟಲಲ್ಲಿ ಕಾಯುತ್ತಿತ್ತು. ಹೊನ್ನವ್ವ ಅವನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. ಕಿಬ್ಬೊಟ್ಟೆ ಮಣ್ಣಿನ ಮಗಿಯ ಹಾಗೆ ಉಬ್ಬಿತ್ತು.

“ಮುಂಜಾನಿಂದ ಉಚ್ಚಿ ಹೊಯ್ದೀರೇನ್ರಿ?”

“ಬಂದ ಇಲ್ಲಲ್ಲ.”

ಅವಳು ಎದ್ದು ನಿಂತಳು. “ಅತ್ತಿ, ಗಾಡಿ ಹೂಡಸ್ರಿ. ಡಾಕ್ಟರು ಹೇಳಿದ್ದು ಇದನ್ನ.”

“ಹುಚ್ಚಿ! ಬ್ಯಾನಿ ಬಿಟ್ಟ ಮೈ, ದಣದೈತಿ. ಅಮಾಸಿ ದಿನ ಸೀಮಿ ದಾಟತಾರೇನು? ಹೊತ್ತ ಮೂಡ್ಲಿ.”

ಹೊನ್ನವ್ವ ದ್ಯಾಮಪ್ಪನ ಮುಖ ನೋಡಿದಳು. ಅವನೂ ತಾಯಿಯ ಮಾತಿಗೇ ತಲೆ ಆಡಿಸಿದ. ಬೇನೆಯಿಲ್ಲದ ಮುಖ, ಎಷ್ಟೋ ದಿನಗಳ ಮೇಲೆ ತಿಳಿಯಾಗಿತ್ತು. ಅದನ್ನು ನೋಡಿ ಅವಳೂ ಕೂತಳು.

ಹೊತ್ತು ಮೂಡುವುದರೊಳಗೆ ಅವಳೇ ಜಂಗ್ಲಿಸಾಬನ ಕದ ಬಡಿದಳು. ರೋಣ ಮುಟ್ಟಿದಾಗ ದ್ಯಾಮಪ್ಪನಿಗೆ ಎರಡೂ ಕಾಲು ತನ್ನವಲ್ಲ ಎಂಬಂತಾಗಿತ್ತು. ಮಜೀದ ಡಾಕ್ಟರು ರಬ್ಬರಿನ ನಳಿಕೆ ಹಾಕಿ ಉಚ್ಚೆ ತೆಗೆದರು. ಸೂಜಿಯಿಂದ ತೊಡೆ, ಕುಂಡಿ ಎಲ್ಲ ಚುಚ್ಚಿ ಚುಚ್ಚಿ ನೋಡಿದರು. ಅವನಿಗೆ ಒಂದೂ ತಿಳಿಯಲಿಲ್ಲ.

“ಏನ ಮಾಡಿದ್ರಿ?” ಎಂದರು.

ಜಂಗ್ಲಿಸಾಬ ನೆಲ ನೋಡಿದ.

“ನಾ ತುಳದೆ” ಎಂದಳು ಹೊನ್ನವ್ವ.

ಡಾಕ್ಟರು ಬೈಯುತ್ತಾರೆ ಎಂದು ಅವಳು ಕಾದಳು. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು, ಮತ್ತೆ ಹಾಕಿಕೊಂಡರು. “ಗದಗಿಗೆ ಮೋಟಾರ ಇನ್ನೂ ಹೊಂಟಿರಲಿಕ್ಕಿಲ್ಲ. ನಡೀರಿ, ನಾನೂ ಬಂದು ಹತ್ತಸ್ತೀನಿ. ಹುಬ್ಬಳ್ಳಿಗೆ ಹೋಗಿ ಮಿರಜದ ಗಾಡಿ ಹಿಡೀರಿ. ಎಲ್ಲೂ ಇಳೀಬ್ಯಾಡ್ರಿ.”

ರೈಲಿನಲ್ಲಿ ಬಾಕಿನ ಮೇಲೆ ದ್ಯಾಮಪ್ಪನನ್ನು ಮಲಗಿಸಿ, ಹೊನ್ನವ್ವ, ಜಂಗ್ಲಿಸಾಬ ಇಬ್ಬರೂ ಕೆಳಗೆ ಕೂತರು. ಎದುರಿಗೆ ಬೆಳಗಾವಿಯ ಕಡೆಯವರು ಯಾರೋ ದೊಡ್ಡ ಗಂಟಲಲ್ಲಿ ಮಾತಾಡುತ್ತಿದ್ದರು. ಬರುವ ತಿಂಗಳು ಮುಂಬೈ ಸರ್ಕಾರ ಹೋಗಿ ನಾವೆಲ್ಲ ಮೈಸೂರಿಗೆ ಸೇರುತ್ತೇವೆ, ಮಿರಜ ಆಚೆಯ ರಾಜ್ಯದಲ್ಲೇ ಉಳಿಯುತ್ತದೆ ಎಂದು. ಬೇರೆ ದಿನವಾಗಿದ್ದರೆ ಜಂಗ್ಲಿಸಾಬ ಆ ಮಾತಿಗೆ ಬೀಳದೆ ಬಿಡುತ್ತಿರಲಿಲ್ಲ. ಇವತ್ತು ಅವನು ಬೀಡಿಯನ್ನೂ ಹಚ್ಚಿರಲಿಲ್ಲ.

“ಜಂಗ್ಲಣ್ಣ” ಎಂದಳು ಹೊನ್ನವ್ವ.

“ಏನ ವೈನಿ?”

“ಹೊಲಿಗಿ ಬಿಟ್ಟ ಗಾದಿ ಇರತೈತಲ್ಲ. ಅರಳಿ ಒಂದೀಟ ಹೊರಗ ಬಂದಿರತೈತಿ ಅಂತ ತಿಳಕೊ. ಅದರ ಮ್ಯಾಲೆ ಯಾರರ ಹತ್ತಿ ನಿಂತ್ರ... ಏನಾಗತೈತಿ?”

ಜಂಗ್ಲಿಸಾಬ ಕಿಟಕಿಯ ಹೊರಗೆ ನೋಡಿದ. ಅಳ್ನಾವರದ ಕಡೆಯ ಕಾಡು ಹಿಂದೆ ಸರಿಯುತ್ತಿತ್ತು. ಜೀವಮಾನದಲ್ಲಿ ಅವನು ಗಾದಿಯ ಬಗ್ಗೆ ಕೇಳಿದ ಮಾತಿಗೆ ಜವಾಬು ಕೊಡದೆ ಇದ್ದದ್ದಿಲ್ಲ.

“ಹೇಳಪ್ಪ.”

“ಇದ್ದಷ್ಟೂ ಹೊರಗ ಬರತೈತಿ ವೈನಿ.”



ಮಿರಜದ ದವಾಖಾನೆಯಲ್ಲಿ ಬೆನ್ನು ಕೊಯ್ದು ತೆಗೆದದ್ದನ್ನು ನರ್ಸಬಾಯಿ ಒಂದು ತಾಟಿನಲ್ಲಿ ಹೊನ್ನವ್ವನಿಗೆ ತೋರಿಸಿದಳು. ಗಂಜಿಯಲ್ಲಿ ನೆನೆದ ಅರಳೆಯ ಹಾಗೆ, ಬೆಳ್ಳಗೆ, ಕಿರುಬೆರಳಿನ ತುದಿಯಷ್ಟು. ಇಷ್ಟೇನಾ ಎಂದು ಅವಳು ಬಗ್ಗಿ ನೋಡಿದಳು. ಹಗೇವಿನ ಕಲ್ಲಿನಷ್ಟು ದೊಡ್ಡದು ಏನೋ ಇದ್ದೀತು ಎಂದುಕೊಂಡಿದ್ದಳು. ಒಂದು ದಿನ ಮೊದಲು ಬಂದಿದ್ದರೆ ಎಂದು ಅಲ್ಲಿನ ದೊಡ್ಡ ಡಾಕ್ಟರು ಮರಾಠಿಯಲ್ಲಿ ಹೇಳಿದ್ದು ಅವಳಿಗೆ ಅರ್ಧ ತಿಳಿಯಿತು. ಪೂರ್ತಿ ತಿಳಿದಿದ್ದ ಜಂಗ್ಲಿಸಾಬ ಉಳಿದರ್ಧವನ್ನು ಹೇಳಲಿಲ್ಲ.

ಪುಷ್ಯದ ಬನದ ಹುಣ್ಣಿಮೆಯ ಹೊತ್ತಿಗೆ ಊರಿಗೆ ಬಂದರು. ಬಲಗಾಲಿನಲ್ಲಿ ಅರ್ಧ ಜೀವ ಬಂದಿತ್ತು. ಎಡಗಾಲು ಬರಲಿಲ್ಲ. ಉಚ್ಚೆಯ ಮೇಲೆ ಹಿಡಿತ ಬರಲಿಲ್ಲ. ಗಂಡಸಿನ ಮೈಯಲ್ಲಿ ಬರಬೇಕಾದ ಇನ್ನೊಂದೂ ಬರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಕೊಟ್ಟಿಗೆಯ ಬಾಗಿಲು ಪಡಸಾಲೆಯಲ್ಲೇ ಉಳಿಯಿತು. ಹೊನ್ನವ್ವ ದಿನಕ್ಕೆ ಎಷ್ಟೋ ಸಲ ಅವನ ಅರಿವೆ ಬದಲಿಸುವಳು, ಹುಣ್ಣಾಗದಂತೆ ಹೊರಳಿಸುವಳು, ಬುಟ್ಟಿ ತುಂಬ ಅರಿವೆ ಹೊತ್ತು ಹಳ್ಳಕ್ಕೆ ಹೋಗುವಳು. ಹೊಲವನ್ನು ಈ ಸಲ ಬೇರೆಯವರು ಬಿತ್ತಿದ್ದರು. ತೆನೆ ಬಂದಿತ್ತು.

ಒಂದು ಸೋಮವಾರ ಸಿದ್ದಲಿಂಗವ್ವ ಜಗುಲಿಯ ಮೇಲಿದ್ದ ಬಟ್ಟಲು ತಂದು ಮಗನ ಪಕ್ಕದಲ್ಲಿಟ್ಟಳು. ಈ ಮೂರು ತಿಂಗಳಲ್ಲಿ ಅವಳು ಅರ್ಧಕ್ಕೆ ಇಳಿದಿದ್ದಳು.

“ಕೂಡಾಕ ಆಗದಿದ್ರ ಮಲಕೊಂಡ ಹಾಕೋ. ಅಯ್ಯನವರು ನಡೀತೈತಿ ಅಂದಾರ. ಅಕಿ ಕಾಲು ಹಲಗಿ ಮ್ಯಾಲೆ ಇಡತಾಳ.”

ಹೊನ್ನವ್ವ ಬಾಗಿಲ ಬಳಿ ನಿಂತಿದ್ದಳು. ಬೆರಳಿನ ಸುತ್ತಲಿನ ಬಿಳಿ ಗೆರೆ ಬಿಸಿಲಿಗೆ ಮಾಸಿಹೋಗಿತ್ತು. ದ್ಯಾಮಪ್ಪ ಉಂಗುರವನ್ನು ಎತ್ತಿ ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ.

“ಯವ್ವಾ, ನನ್ನ ಉಚ್ಚಿ ಬಳಿಯಾಕಿ ಯಾರು?” ಎಂದು ತಾಯಿಯನ್ನು ಕೇಳಿದ.

“ಅದ್ಯಾಕೋ ಈಗ?”

“ಹೇಳು. ಕುಂಡಿ ತೊಳಿಯಾಕಿ ಯಾರು? ಹೊರಳಸಾಕಿ ಯಾರು?” ಅವನು ಉಂಗುರವನ್ನು ಮತ್ತೆ ಬಟ್ಟಲಿಗೆ ಹಾಕಿದ. ಅದು ಟಣ್ ಎಂದಿತು. “ನಾ ಬಾಯಿ ತುಂಬ ಕರದೀನಿ. ದೇವರು ಕೇಳಿಸ್ಕೊಂಡಾನ. ಹಡದವ್ವಗ ಯಾವ ಮಗಾ ಕಾಲುಂಗರಾ ಹಾಕ್ತಾನು?”

“ಅದು ಗಾದಿ, ನರ ಅಂತ ಡಾಕ್ಟರು ಹೇಳಿದ್ರಲ್ರಿ” ಎಂದಳು ಹೊನ್ನವ್ವ. ಅವಳ ದನಿ ಅವಳಿಗೇ ಕೇಳಿಸಲಿಲ್ಲ. “ಕರದಿದ್ದಕ್ಕಲ್ಲ. ನಾ ತುಳದಿದ್ದಕ್ಕ.”

“ನಿನ್ನ ಕಾಲು ಖರೇನ ಐತಿ” ಎಂದ ಅವನು, ಗೋಡೆಯ ಕಡೆ ಮುಖ ಮಾಡಿ. “ಬ್ಯಾನಿ ತಗದೀಯಲ್ಲ.”

ಊರೂ ಅದನ್ನೇ ಅಂದಿತು. ಯಾರೂ ಅವಳನ್ನು ದೂರಲಿಲ್ಲ. ದೂರಿದ್ದರೆ ಒಂದು ಕಡೆ ಕೂತು ಅಳಬಹುದಿತ್ತು. “ಗಂಡಗ ಸಲ್ಲೂದಿಲ್ಲ ಅಂದ್ರೂ ಕೇಳ್ಲಿಲ್ಲ, ನೋಡ್ರಿ ಹ್ಯಾಂಗಾತು. ಎಂಥಾ ಖಡಕ ಕಾಲು!” ಎಂದು ಕಟ್ಟೆಯ ಮೇಲೆ ಮಾತಾಡಿಕೊಂಡರು. ಅವಳ ಕಾಲಿನ ಹೆಸರು ಮೊದಲಿಗಿಂತ ದೂರ ಹೋಯಿತು. ನರಗುಂದ, ಗಜೇಂದ್ರಗಡದ ಕಡೆಯಿಂದಲೂ ಕೇಳಿಕೊಂಡು ಬರತೊಡಗಿದರು.

ಪುಷ್ಯದ ಅವರಾತ್ರಿ ಅಮಾವಾಸ್ಯೆಯ ಮುಂಜಾನೆ ಅವಳು ಜಳಕ ಮುಗಿಸಿ ಕದ ತೆರೆದಾಗ ಅಂಗಳದ ತುಂಬ ಮಂದಿ ಬೋರಲು ಮಲಗಿದ್ದರು. ಸಿದ್ದಲಿಂಗವ್ವ ಬೇಡವೆಂದಿರಲಿಲ್ಲ. ಎಲ್ಲಕ್ಕಿಂತ ಹತ್ತಿರದಲ್ಲಿ, ಕಟ್ಟೆಯ ಬುಡದಲ್ಲೇ, ಗಟ್ಟಿಮುಟ್ಟಾದ ಆಳೊಬ್ಬ. ಅವನ ತಲೆಯ ಬಳಿ ಕೂತ ಹೆಂಡತಿ ಎದ್ದು ಕೈ ಮುಗಿದಳು.

“ಶಿರೋಳದವರು ನಾವು ಯವ್ವಾ. ಹತ್ತಿ ಅಂಡಿಗಿ ಎತ್ತಾಕ ಹೋಗಿ ಹಿಡಕೊಂಡೈತಿ. ಕೆಮ್ಮಿದ್ರ ಹೆಬ್ಬೆರಳಿನ ಮಟಾ ಸೆಳೀತೈತಂತ. ನೀ ಒಮ್ಮೆ ಕಾಲಿಟ್ರ...”

“ಮುಳ್ಳು ನೆಟ್ರ ತಿಳೀತೈತೇನು?” ಎಂದಳು ಹೊನ್ನವ್ವ.

ಅಮಾವಾಸ್ಯೆಯ ಹೊತ್ತಿನಲ್ಲಿ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಮಲಗಿದ್ದವರಲ್ಲಿ ಒಬ್ಬಿಬ್ಬರು ತಲೆಯೆತ್ತಿದರು.

“ಏನಂದ್ರಿ ಯವ್ವಾ?” ಎಂದಳು ಆ ಹೆಣ್ಣುಮಗಳು.

ಹೊನ್ನವ್ವ ತಿರುಗಿ ಒಳಗೆ ಹೋದಳು. ಪಡಸಾಲೆಯಲ್ಲಿ ದ್ಯಾಮಪ್ಪ ಎಚ್ಚರಾಗಿದ್ದ. ಅವನ ಚಪ್ಪಲಿಗಳು ಕದದ ಹಿಂದೆ, ಮೊದಲ ಸಲ ರೋಣದಿಂದ ಬಂದ ದಿನ ಇಟ್ಟಲ್ಲೇ ಇದ್ದವು. ಒಣಗಿ ಬಿರುಸಾಗಿದ್ದವು. ಒಂದರ ಅಟ್ಟೆಯಲ್ಲಿ ಹೆಬ್ಬೆರಳಿನ ಗುರುತು ಆಳವಾಗಿ ಇಳಿದಿತ್ತು. ಅವಳು ಬಗ್ಗಿ ಅವನ್ನು ಬಾಗಿಲಿಗೆ ತಂದಳು. 

“ಹೊನ್ನಿ, ಏನ ಮಾಡಾಕತ್ತಿ?” ಎಂದ ಅವನು ಹಲಗೆಯಿಂದ.

ಅವಳು ಮೊದಲು, ಎಂದೂ ಭೂಮಿಯ ಸಂಗ ಬಿಡದ ಎಡಗಾಲನ್ನೇ ತೂರಿಸಿದಳು. ಆಮೇಲೆ ಬಲಗಾಲು. ಅವಳ ಪಾದಕ್ಕೆ ಅವು ಬಹಳ ದೊಡ್ಡವು. ಬೀಳದಂತೆ ಬೆರಳು ಬಿಗಿಹಿಡಿದು ಹೊಸ್ತಿಲು ದಾಟಿದಳು. ಮುಖ ನೆಲಕ್ಕೆ ಹಚ್ಚಿ ಮಲಗಿದ್ದವರಿಗೆ ಮೊದಲು ಕೇಳಿಸಿದ್ದು ಆ ಸದ್ದು. ಚರಕ್, ಚರಕ್. ಬರಿಗಾಲಿಗೆ ಕಾದಿದ್ದ ಬೆನ್ನುಗಳು ಒಂದೊಂದಾಗಿ ಅಲುಗಿದವು. ಅವಳು ಯಾರನ್ನೂ ಮುಟ್ಟದೆ, ಮಲಗಿದವರ ನಡುವೆ ದಾರಿ ಮಾಡಿಕೊಂಡು, ದ್ಯಾಮಪ್ಪನನ್ನು ರೋಣಕ್ಕೆ ಒಯ್ದಿದ್ದ ಜಂಗ್ಲಿಸಾಬನ ಗಾಡಿ ನಿಲ್ಲುವ ಕಡೆಗೆ ನಡೆದಳು. ಹಸಿ ಸಗಣಿಯಿಂದ ಸಾರಿಸಿದ ಅಂಗಳದ ಮೇಲೆ, ಒಂದರ ಮುಂದೊಂದು, ಗಂಡಸಿನ ಅಗಲವಾದ ಚಪ್ಪಲಿಯ ಗುರುತು ಮೂಡುತ್ತಾ ಹೋಯಿತು.